ಅಡ್ಡ ನಿಂತ ಚೆಂಡು

ಫೈಫ್, 1952

ಮಗಳೇ ಎಫಿ,

ನೀನು ಮನೆ ಬಿಟ್ಟು ಮೂರು ವರ್ಷವಾಯಿತು, ವಿಳಾಸವೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಇವತ್ತು ನಾನು ಗಾಲ್ಫ್ ಚೀಲ ಹೊತ್ತಿದ್ದ ಲಂಡನ್ನಿನ ಧಣಿ, "ಸ್ಟೈಮಿ ಅಂದ್ರೇನಯ್ಯಾ?" ಎಂದು ಕೇಳಿದರು. ಶಾಲೆ ಅರ್ಧಕ್ಕೆ ಬಿಟ್ಟವನಾದರೂ ಈ ಮಾತನ್ನು ನನಗೆ ಯಾರೂ ಕಲಿಸಬೇಕಿಲ್ಲ.

"ನಿಮ್ಮ ಚೆಂಡಿಗೂ ಕುಳಿಗೂ ನಡುವೆ ಇನ್ನೊಬ್ಬರ ಚೆಂಡು ನಿಂತು ದಾರಿ ಕಟ್ಟೋದು, ಸ್ವಾಮಿ. ಕಣ್ಣು ಮಂಜಾದೋರನ್ನ ನಮ್ಮಜ್ಜಿ ಸ್ಟೈಮಿ ಅಂತಿದ್ಲು. ಅಲ್ಲಿಂದ್ಲೇ ಬಂದಿರ್ಬೇಕು, ಕುಳಿ ಕಾಣ್ಸಲ್ವಲ್ಲ!"

ಎದುರಾಳಿಯ ಚೀಲ ಹೊತ್ತಿದ್ದ ಡೇವಿ ನನ್ನತ್ತ ಕೈ ತೋರಿಸಿ ನಕ್ಕ. "ಮಗಳ ಮದುವೆನೇ ಸ್ಟೈಮಿ ಮಾಡಿದೋನು ಎರ್ಚಿಯಣ್ಣ. ಅವನಿಗೆ ಗೊತ್ತಿಲ್ದೆ ಇನ್ಯಾರಿಗೆ?"

ನೀನು ಮೆಚ್ಚಿದ ಅಲಿಕ್ ಮೀನುದೋಣಿಯವನು, ಕಡಲು ನುಂಗಿಬಿಟ್ಟರೆ ನಿನ್ನ ಗತಿಯೇನು ಎಂಬ ಭಯ ನನಗೆ. ಅಷ್ಟೇ.

ಕೊನೆಯ ಕುಳಿಯ ಹತ್ತಿರ ಎದುರಾಳಿಯ ಚೆಂಡು ನಮ್ಮದಕ್ಕೆ ಅಡ್ಡ ನಿಂತಿತು. "ಮೇಲಿಂದ ಹಾರಿಸಿ ಸ್ವಾಮಿ, ಅದನ್ನ ಮುಟ್ಟೋ ಹಾಗಿಲ್ಲ," ಎಂದೆ.

"ಅಣ್ಣಾ, ಈ ವರ್ಷದಿಂದ ಹೊಸ ನಿಯಮ. ಎತ್ತಬಹುದು," ಎಂದ ಡೇವಿ.

ಎದುರಾಳಿ ಬಗ್ಗಿ, ಗುರುತಿಗೆ ಒಂದು ಪೆನ್ನಿ ನಾಣ್ಯ ಇಟ್ಟು, ಚೆಂಡನ್ನು ಕೈಗೆತ್ತಿಕೊಂಡರು. ದಾರಿ ತೆರೆಯಿತು. ಅದಕ್ಕೆ ಅರೆಕ್ಷಣವೂ ಹಿಡಿಯಲಿಲ್ಲ, ಮಗಳೇ.

ನಿನ್ನಪ್ಪ