ನೆಲ ಡೊಂಕು

ಮಾರ್ಚ್ 3, ಮಧ್ಯಾಹ್ನ

ಇನ್ನೊಂದು ಹಾಲೊಗ್ರಾಮ್ ಪ್ಲೇಟ್ ಹಾಳು. ತೊಳೆದು, ಒಣಗಿಸಿ, ಟಾರ್ಚ್ ಹಿಡಿದರೆ ಬರೀ ಗಾಜು. ಅತ್ತೆಯ ಹಲ್ಲಿನ ಸೆಟ್ಟು ಅದರೊಳಗೆ ತೇಲಬೇಕಿತ್ತು. ನಾನೇ ಲ್ಯಾಬ್‌ನಲ್ಲಿ ಮಾಡಿಕೊಟ್ಟ ಸೆಟ್ಟು — ಗಟ್ಟಿ, ಬಿಳುಪು, ಕೂತಲ್ಲಿಂದ ಅಲುಗದು. ಹಾಲೊಗ್ರಾಮ್‌ಗೆ — ಲೇಸರ್ ಬೆಳಕಿನಿಂದ ಗಾಜಿನಲ್ಲಿ ಹಿಡಿಯುವ ಮೂರು ಆಯಾಮದ ಚಿತ್ರಕ್ಕೆ — ಅದಕ್ಕಿಂತ ಒಳ್ಳೆಯ ವಸ್ತು ಈ ಮನೆಯಲ್ಲಿಲ್ಲ. ದಿನವಿಡೀ ಊರವರ ಹಲ್ಲು ಮಾಡುವವಳಿಗೆ ತನ್ನದು ಅಂತ ಒಂದು ಹವ್ಯಾಸ ಬೇಡವೇ?

ಬಾಗಿಲಾಚೆಯಿಂದ ಅತ್ತೆ, "ನನ್ ಹಲ್ಲಿನ ಕೆಲಸ ಮುಗೀತೇನೇ? ಹೊಟ್ಟೆ ಹಸೀತಿದೆ."

ಕೊಟ್ಟೆ. ದಿನಾ ಇದೇ ಗೋಳು.

ಮಾರ್ಚ್ 5

ಟೇಬಲ್ಲಿನದೇ ತಪ್ಪಿರಬೇಕು. ಅದುರದಿರಲೆಂದು ಅದರಡಿಗೆ ಇಟ್ಟಿದ್ದ ಸ್ಕೂಟರ್ ಟ್ಯೂಬ್ ಬದಲಿಸಿದೆ, ಮೇಲೆ ಮರಳಿನ ಟ್ರೇ. ನನ್ನ ಗಂಡ ಬಾಗಿಲಲ್ಲಿ ನಿಂತು ನಕ್ಕರು. "ಇಷ್ಟೆಲ್ಲ ಯಾಕೆ? ಮೊಬೈಲಲ್ಲಿ ಒಂದ್ ಫೋಟೊ ಹೊಡಿ."

ವಿವರಿಸಿದೆ. ಬೆಳಕು ಎಷ್ಟು ಬಂತು ಎಂದಷ್ಟೇ ಫೋಟೊಗೆ ಗೊತ್ತು. ಎಷ್ಟು ದೂರದಿಂದ ಬಂತು ಎಂಬುದನ್ನೂ ಇದು ಹಿಡಿದಿಡುತ್ತದೆ. ಲೇಸರ್ ಬೆಳಕು ಪ್ಲೇಟನ್ನು ಹಾದು, ಹಲ್ಲಿಗೆ ಬಡಿದು, ವಾಪಸ್ ಬರುತ್ತದೆ. ಹೋಗುವ ಬೆಳಕೂ ಬರುವ ಬೆಳಕೂ ಪ್ಲೇಟಿನಲ್ಲಿ ಸೇರಿ ಗೆರೆ ಕಟ್ಟುತ್ತವೆ — ಕಣ್ಣಿಗೆ ಕಾಣದಷ್ಟು ಸಣ್ಣ. ಆ ಹೊತ್ತಿನಲ್ಲಿ ಏನಾದರೂ ಒಂದು ಕೂದಲಿನ ನೂರನೇ ಪಾಲು ಸರಿದರೂ ಗೆರೆಗಳೆಲ್ಲ ಕಲಸಿಹೋಗುತ್ತವೆ. ಆಮೇಲೆ ಖಾಲಿ ಗಾಜು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಹೋದರು. ಮೈ ಉರಿಯಿತು.

ಮಾರ್ಚ್ 6

ಪ್ಲೇಟ್ ಇಲ್ಲದೆ ಟೆಸ್ಟ್. ಲೇಸರ್ ಬೆಳಕನ್ನು ಗಾಜಿನಲ್ಲಿ ಎರಡಾಗಿ ಸೀಳಿ, ಎರಡು ಕನ್ನಡಿಗಳಿಂದ ತಿರುಗಿಸಿ, ಗೋಡೆಯ ಮೇಲೆ ಮತ್ತೆ ಒಂದು ಮಾಡಿದೆ. ಕೆಂಪು-ಕಪ್ಪು ಪಟ್ಟೆಗಳು ಮೂಡಿದವು. ಟೇಬಲ್ ಮೇಲಿನದೆಲ್ಲ ನೆಟ್ಟಗೆ ನಿಂತಿದ್ದರೆ ಪಟ್ಟೆಗಳೂ ನಿಂತಿರಬೇಕು.

ಬಸ್ ಹೋಯಿತು. ನಡುಗಿದವು, ತಮ್ಮ ಜಾಗಕ್ಕೆ ಬಂದವು. ಅತ್ತೆ ಹಜಾರದಲ್ಲಿ ನಡೆದರು. ಹಾಗೇ. ಆಮೇಲೆ ಕೆಳಗಿನಿಂದ ಧಡ್ ಎಂದು ಒಂದು ಪೆಟ್ಟು... ಎಡಕ್ಕೆ ಸರಿದವು. ಮರಳಿ ಬರಲಿಲ್ಲ. ಮತ್ತೊಂದು ಪೆಟ್ಟು — ಇನ್ನಷ್ಟು ಎಡಕ್ಕೆ. ಪ್ರತಿ ಸಲವೂ ಎಡಕ್ಕೇ. ನೆಲವೇ ವಾಲುತ್ತಿದೆಯೇ?

ಕೆಳಗೆ ಭಾವನ — ಇವರ ಅಣ್ಣನ — ಮಂಚ-ಸೋಫಾ ಅಂಗಡಿ. "ಶೋರೂಮ್ ದೊಡ್ಡದು ಮಾಡ್ತಿದೀನಿ, ಸ್ವಲ್ಪ ಸದ್ದಾಗತ್ತೆ" ಎಂದಿದ್ದರು.

ಮಾರ್ಚ್ 7

ಇಳಿದು ಹೋಗಿ ನೋಡಿದೆ. ನಡುಗೋಡೆ ಅರ್ಧ ಇಲ್ಲ. ನನ್ನ ಕೋಣೆ ಕೂತಿರುವುದೇ ಅದರ ಮೇಲೆ.

"ಅದು ಬರೀ ಅಡ್ಡಗೋಡೆ ಕಣಮ್ಮ, ಭಾರ ಏನೂ ಹೊತ್ತಿಲ್ಲ," ಎಂದರು ಭಾವ. "ಈ ಮನೆ ಕಟ್ಟುವಾಗ ಇಟ್ಟಿಗೆಗೆ ನೀರು ಹಾಕಿದೋನು ನಾನು. ನಂಗೊತ್ತಿಲ್ವಾ?"

ಮೇಸ್ತ್ರಿ ಬಾಂಡಲಿಗೆ ಮಣ್ಣು ತುಂಬುತ್ತಿದ್ದ.

ಮೇಲೆ ಬಂದು ಇವರಿಗೆ ಹೇಳಿದೆ. "ಗೋಡೆ ಮೇಲಿನ ಪಟ್ಟೆ ನೋಡ್ಕೊಂಡು ಅಣ್ಣನ ಹತ್ರ ಜಗಳಕ್ಕೆ ಹೋಗ್ಲಾ?" ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ: "ದೊಡ್ಡೋನು ಮೇಲೆ ಬರ್ತಿದಾನೆ ಅಂತ ನಿಂಗೆ ಹೊಟ್ಟೆಕಿಚ್ಚು."

ಅವರೆಲ್ಲ ಒಂದು ಕಡೆ. ನಾನೂ ನನ್ನ ಪಟ್ಟೆಗಳೂ ಇನ್ನೊಂದು ಕಡೆ. ಅತ್ತುಬಿಟ್ಟೆ.

ಮಾರ್ಚ್ 8

ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಹಾಳಾದ ಪ್ಲೇಟೊಂದನ್ನು ಪಟ್ಟಿಯಾಗಿ ಕತ್ತರಿಸಿ, ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗೆ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಮೆತ್ತಿದೆ. ಗೋಡೆ ಸರಿದರೆ ಗಾಜು ಒಡೆಯಲೇಬೇಕು. ಪಟ್ಟೆ ನಂಬದವರು ಗಾಜನ್ನಾದರೂ ನಂಬಲಿ.

ಭಾವ ನೋಡಿದರು. "ಗೋಡೆಗೂ ಹಲ್ಲು ಕಟ್ಟಿದ್ಯೇನಮ್ಮ?"

ನಗು ಬಂತು. ತಡೆದುಕೊಂಡೆ.

ಮಾರ್ಚ್ 14

ಗಾಜು ಒಡೆದಿಲ್ಲ. ಭಾವ ಸರಕು ತರಲು ಹೋಗಿದ್ದಾರೆ, ಕೆಳಗೆ ಕೆಲಸ ನಿಂತಿದೆ. ಇವತ್ತು ಪಟ್ಟೆಗಳು ಗೋಡೆಗೆ ಬಳಿದ ಬಣ್ಣದ ಹಾಗೆ ನಿಂತಿದ್ದವು. ತಡಮಾಡದೆ ಪ್ಲೇಟ್ ಇಟ್ಟೆ. ಉಸಿರು ಬಿಗಿಹಿಡಿದು ಕೂತೆ.

ಬಂತು!

ಗಾಜಿನ ಹಿಂದೆ, ಗಾಜಿಗೆ ಅಂಟದೆ, ಹಲ್ಲು. ತಲೆ ಎಡಕ್ಕೆ ವಾಲಿಸಿದರೆ ದವಡೆಹಲ್ಲು ಕಾಣುತ್ತದೆ, ಬಲಕ್ಕೆ ವಾಲಿಸಿದರೆ ಮರೆಯಾಗುತ್ತದೆ. ಅತ್ತೆ ಮುಟ್ಟಲು ಬೆರಳು ಚಾಚಿದರು, ಆಮೇಲೆ ತಮ್ಮ ಬಾಯಿ ಮುಟ್ಟಿಕೊಂಡರು. "ಇಲ್ಲೂ ಇದೆ, ಅಲ್ಲೂ ಇದೆಯಲ್ಲೇ!" ಕುಣಿದಾಡುವಷ್ಟು ಖುಷಿ ನನಗೆ.

ಸಂಜೆ ಹೊಳೆಯಿತು. ಕೆಳಗೆ ಕೆಲಸ ನಿಂತ ಮೇಲೆ ಬಂತು. ಅಂದರೆ ಟೇಬಲ್ಲಿನಲ್ಲಿ ಯಾವತ್ತೂ ತಪ್ಪಿರಲಿಲ್ಲ. ಇವರಿಗೆ ಹೇಳಿದೆ. ಈ ಸಲ ನಗಲಿಲ್ಲ. "ಅಣ್ಣ ಬರ್ಲಿ. ಕೇಳ್ತೀನಿ."

ಮಾರ್ಚ್ 17, ಬೆಳಿಗ್ಗೆ

ಭಾವ ಬಂದಿದ್ದಾರೆ. ಇವರು ಕೇಳಲಿಲ್ಲ. ಅಣ್ಣನ ಮುಂದೆ ಇವರ ಬಾಯಿಗೆ ಬೀಗ, ಮೊದಲಿನಿಂದಲೂ. ಪೆಟ್ಟು ಮತ್ತೆ ಶುರು. ಪಟ್ಟೆಗಳು ಸರಿಯುತ್ತಿಲ್ಲ, ಓಡುತ್ತಿವೆ. ಪೆಟ್ಟು ನಿಂತಿತು... ಇನ್ನೂ ಓಡುತ್ತಿವೆ. ಭಯವಾಗುತ್ತಿದೆ. ಮೆಟ್ಟಿಲ ಹತ್ತಿರ ಹೋಗಿ ನೋಡುತ್ತೇನೆ.

ಅದೇ ದಿನ, ಎದುರಿನ ಫುಟ್‌ಪಾತ್

ಗಾಜು ಎರಡು ತುಂಡು. ಕೂಗಿಕೊಂಡೆ. ಮೇಸ್ತ್ರಿ ಮೆಟ್ಟಿಲೇರಿ ಬಂದು ನೋಡಿದ, ತನ್ನವರನ್ನು ಕರೆದುಕೊಂಡು ರಸ್ತೆಗಿಳಿದ. ಅತ್ತೆ ಮಾತ್ರ ಏಳಲೊಲ್ಲರು. "ಸತ್ರೆ ನನ್ ಮನೇಲೇ ಸಾಯ್ತೀನಿ, ಹೋಗೇ." ಹಲ್ಲು ಇನ್ನೂ ರಾತ್ರಿ ನೆನೆಹಾಕಿದ ಬಟ್ಟಲಲ್ಲೇ ಇತ್ತು. ಎತ್ತಿಕೊಂಡು ಓಡಿದೆ! "ಕಳ್ಳಿ! ನನ್ ಹಲ್ಲು!" — ಬೊಚ್ಚುಬಾಯಲ್ಲಿ ಕೂಗುತ್ತ ಮೆಟ್ಟಿಲಿಳಿದರು. ಇವರು ಅವರ ತೋಳು ಹಿಡಿದುಕೊಂಡು ಹಿಂದೆ. ಹಾಲೊಗ್ರಾಮ್ ಒಳಗೇ ಉಳಿಯಿತು.

ಕೈಯಲ್ಲಿದ್ದ ಡೈರಿ ಹಾಗೇ ಬಂದಿದೆ, ನಿಂತಲ್ಲೇ ಬರೆಯುತ್ತಿದ್ದೇನೆ. ಭಾವ ಅಂಗಡಿಯೊಳಗೇ ಇದ್ದಾರೆ, ಸೋಫಾಗಳಿಗೆ ಟಾರ್ಪಾಲ್ ಹೊದಿಸುತ್ತಿದ್ದಾರೆ. "ಒಂದ್ ಗಾಜು ಒಡೀತು ಅಂತ ಅಂಗಡಿ ಬಿಟ್ಟು ಓಡ್ಲಾ?" ಇವರು ನಿಂತಲ್ಲೇ "ಅಣ್ಣಾ, ಬಾ" ಎನ್ನುತ್ತಾರೆ. ಆ ದನಿ ರಸ್ತೆಯನ್ನೂ ದಾಟುತ್ತಿಲ್ಲ.

ಅತ್ತೆ ನನ್ನ ಮುಂದೆ ಕೈ ಚಾಚಿದರು. "ಹಲ್ಲು ಕೊಡೇ. ಬೊಚ್ಚುಬಾಯಲ್ಲಿ ಬೈದ್ರೆ ಅವ್ನು ನಗ್ತಾನೆ."

ಕೊಟ್ಟೆ. ಹಾಕಿಕೊಂಡರು. ರಸ್ತೆಯಂಚಿಗೆ ಹೋಗಿ ಕೂಗಿದರು. ಇಷ್ಟು ವರ್ಷ ಜೊತೆಗಿದ್ದೂ ಆ ಗಂಟಲನ್ನು ನಾನು ಕೇಳಿರಲಿಲ್ಲ. "ನಿನ್ ಮಂಚಕ್ಕೆ ಬೆಂಕಿ ಬೀಳ! ನೆಲ ಡೊಂಕಾಗಿದೆ ಅಂತ ಬಡ್ಕೋತಿದಾಳಲ್ಲೋ ಅವಳು! ಬಾರೋ ಹೊರಗೆ!"

ಭಾವ ಹೊಸ್ತಿಲಿಗೆ ಬಂದರು. ಒಂದು ಕಾಲು ಹೊರಗಿಟ್ಟರು. ಜೇಬು ಮುಟ್ಟಿ ನೋಡಿಕೊಂಡರು. "ಬೀಗದ ಕೈ ಒಳಗೇ..." ಎಂದು ತಿರುಗಿ ಒಳಗೆ ಹೆಜ್ಜೆಯಿಟ್ಟರು. ಮೇಲೆ ನನ್ನ ಕೋಣೆಯ ಕಿಟಕಿ ಎಡಕ್ಕೆ ವಾಲಿ—