ಎಮ್ಮೆಗೆ ಮುಗಿದ ಕೈ

ಓಲ್ಡ್ ಟೌನ್, ಭದ್ರಾವತಿ
೮-೧-೧೯೬೦

ತಮ್ಮ ಮುರುಗೇಶಪ್ಪನಿಗೆ,

ನಾಟಕ ಮುಗಿದ ಮೇಲೆ ಮುಖ ತೋರಿಸದೆ ಶಿವಮೊಗ್ಗದಲ್ಲಿ ಕೂತಿದ್ದೀಯ. ಹನ್ನೆರಡು ಮೈಲಿ ಬಸ್ಸು ಹತ್ತಿ ಬರಲಾರದೆ, ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟ ಅಕ್ಕನ ಕೈಲಿ ಕಾಗದ ಬರೆಸುತ್ತೀಯಲ್ಲ, ನಾಚಿಕೆಯಾಗಬೇಕು ನಿನಗೆ. ಕೆಮ್ಮು ಹೇಗಿದೆ? ಮೆಣಸಿನ ಕಷಾಯ ಕುಡಿಯುತ್ತಿದ್ದೀಯೋ, ಬರೀ ಬೀಡಿಯೋ? ನಾನು ಗಟ್ಟಿಯಾಗಿದ್ದೇನೆ. ನಿನ್ನ ಭಾವ ಚೆನ್ನಾಗಿಲ್ಲ.

ಪುರಸಭೆ ಎಲೆಕ್ಷನ್ನಿನಲ್ಲಿ ನಲವತ್ತೊಂದು ಓಟಿನಿಂದ ಸೋತ ಮಾರನೇ ಬೆಳಿಗ್ಗೆ ಅವರು ಮತ್ತೆ ಮನೆಮನೆಗೆ ಹೋಗಿ, "ಓಟು ಹಾಕ್ದೋರ್ಗೂ ಶರಣು, ಹಾಕ್ದೇ ಇದ್ದೋರ್ಗೂ ಶರಣು" ಎಂದು ಕೈ ಮುಗಿದು ಬಂದರಲ್ಲ, ಆಗ ನೀನು ನಮ್ಮ ಜಗಲಿಯ ಮೇಲೆ ಕೂತು ಏನೋ ಗೀಚುತ್ತಿದ್ದೆ. ಕಾಫಿ ಕೊಟ್ಟವಳು ನಾನೇ. "ಅಕ್ಕಾ, ರಾಜಕೀಯದೋರನ್ನ ನಾಟಕಕ್ಕೆ ತರೋಕೆ ಒಂದು ದಾರಿ ಇದೆ. ಹೆಸರು ಹೇಳಬಾರದು. ಮಾತು ಪುರಸಭೆ ಅಧ್ಯಕ್ಷರ ಭಾಷಣದ್ದೇ ಇಡ್ತೀನಿ, ಹಾವಭಾವ ಬೇರೆಯವರದ್ದು ಸೇರಿಸ್ತೀನಿ. ಕೋರ್ಟಿಗೆ ಎಳೆಯೋಕಾಗಲ್ಲ, ಊರಿಗೆ ಮಾತ್ರ ಗೊತ್ತಾಗುತ್ತೆ" ಅಂದೆ. ಬೇರೆಯವರು ಅಂದರೆ ನನ್ನ ಗಂಡ ಎಂದು ಹೇಳಲಿಲ್ಲ.

ಏನಾಯಿತು ನೋಡು. ನಿನ್ನ ನಾಟಕದ ಅಧ್ಯಕ್ಷ ದೀಪದ ಕಂಬಕ್ಕೂ ಕೈ ಮುಗಿದ, ಎಮ್ಮೆಗೂ ಮುಗಿದು "ಹಾಕ್ದೇ ಇದ್ದೋರ್ಗೂ ಶರಣು" ಎಂದ. ನಿಜವಾದ ಅಧ್ಯಕ್ಷ ಮುಂದಿನ ಸಾಲಿನಲ್ಲಿ ಕೂತು, ಇದು ತಾನಲ್ಲವೆಂದು ಹೊಟ್ಟೆ ಹಿಡಿದು ನಕ್ಕ. ಊರೆಲ್ಲ ಹಿಂದೆ ತಿರುಗಿ ನಿನ್ನ ಭಾವನನ್ನು ನೋಡಿತು. ಈಗ ಸಂತೆಯಲ್ಲಿ ಅವರನ್ನು ಕಂಡವರು ಎಮ್ಮೆಯ ಹಾಗೆ ಕೂಗುತ್ತಾರೆ. ಹೋದ ಸೋಮವಾರ ಪಕ್ಕದ ಬೀದಿಯ ವೀರಪ್ಪ ತೀರಿಕೊಂಡ. ಇವರ ಚಿಕ್ಕಂದಿನ ಗೆಳೆಯ. ಅವನ ಹೆಂಡತಿ ವಿಶಾಲಮ್ಮನ ಎದುರು ಇವರು ಕೈ ಹಿಂದೆ ಕಟ್ಟಿಕೊಂಡು ನಿಂತರು. "ಕಾಶಮ್ಮಾ, ನಿಮ್ಮನೆಯೋರಿಗೆ ನಮ್ ಮೇಲೆ ಏನು ಸಿಟ್ಟು?" ಎಂದು ಆಕೆ ಆ ಅಳುವಿನಲ್ಲೂ ಕೇಳಿದಳು. ಮನೆಗೆ ಬಂದು ರೇಗಿದೆ. "ನಾನು ಕೈ ಎತ್ತಿ, ಹೆಣದ ಮುಂದೆ ಯಾರಾದ್ರೂ ನಕ್ಕುಬಿಟ್ರೆ?" ಎಂದರು. ಅಷ್ಟೇ.

ಗೆದ್ದವನನ್ನು ಕಂಡು ನಗುವುದಕ್ಕೆ ನಾಟಕ ಬೇಕು ಮಾರಾಯ. ಸೋತವನನ್ನು ಕಂಡು ನಗುವುದಕ್ಕೆ ಊರೇ ಇದೆ. ಆ ಅಧ್ಯಕ್ಷ ಅರ್ಜಿ ಹಿಡಿದು ಬಂದವರ ಮುಖದೆದುರು ಕೈಗಡಿಯಾರ ತಿರುಗಿಸುತ್ತಾನೆ ಎಂದು ನೀನೇ ಅಣಕಿಸಿ ತೋರಿಸಿದ್ದೆ. ಅದೆಲ್ಲಿ ಹೋಯಿತು? ಹೆದರಿಕೆಯೋ? ಇಪ್ಪತ್ತಾರಕ್ಕೆ ಶಿವಮೊಗ್ಗದಲ್ಲಿ ಮತ್ತೆ ಆಡುತ್ತೀರಂತೆ. ಅಷ್ಟರೊಳಗೆ ಭಾವನ ಕೈ ತೆಗೆ, ಅವನ ಗಡಿಯಾರ ಹಾಕು.

ಕಷಾಯ ಬಿಡಬೇಡ. ಶಿವ ನಿನಗೆ ಉಸಿರನ್ನೂ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ
ಕಾಶಮ್ಮ

ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಎಮ್ಮೆಗೆ ಕೈ ಮುಗಿದಾಗ ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಅದು ಯಾರ ಕೈ ಎಂದು ಹೊಳೆಯುವ ಮೊದಲೇ ನಗು ಬಂದುಬಿಟ್ಟಿತು. ನಿನ್ನ ಭಾವ ನನ್ನ ಮುಖ ನೋಡಿದರು, ಆಮೇಲೆ ತಾವೂ ನಕ್ಕರು. ನಾನು ನಕ್ಕಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ನೀನಾದರೂ ಬರೆದದ್ದನ್ನು ಹೊಡೆದುಹಾಕಬಹುದು. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.