ಲವಂಗ ಹೆಚ್ಚಾದ ಸೈಡರ್

ನವೆಂಬರ್ ೧೪, ಶುಕ್ರವಾರ

ನನ್ನ ಮೊದಲ ಸೈಡರ್ ಕೆಟ್ಟಿತು. ಸೇಬಿನ ರಸಕ್ಕೆ ಹುದುಗು ಚೆನ್ನಾಗಿಯೇ ಬಂದಿತ್ತು. ಪರಿಮಳಕ್ಕೆಂದು ಬಟ್ಟೆಯಲ್ಲಿ ಲವಂಗ ಕಟ್ಟಿ ಜಾಡಿಯೊಳಗೆ ಇಳಿಬಿಟ್ಟವಳು ಮರೆತೇಬಿಟ್ಟೆ. "ಒಂದು ರಾತ್ರಿ ಸಾಕಮ್ಮ, ಬೆಳಗ್ಗೆ ತೆಗೆದ್ಬಿಡಿ" ಎಂದು ಯೀಸ್ಟ್ ಕೊಟ್ಟ ಬೇಕರಿಯವರು ಸಾರಿ ಸಾರಿ ಹೇಳಿದ್ದರು. ನನಗೆ ನೆನಪಾಗಿದ್ದು ವಾರ ಕಳೆದ ಮೇಲೆ.

ಸಂಜೆ ಸಿಂಕಿಗೆ ಸುರಿಯಲು ಹೊರಟಾಗ ಅಪ್ಪ ಲೋಟ ಚಾಚಿದರು. "ತಾ ಇಲ್ಲಿ, ನಾನೂ ನೋಡ್ತೀನಿ."

ಏನು ನೋಡುತ್ತಾರೆ, ಪಾಪ. ಬೇಸಿಗೆಯಲ್ಲಿ ಜ್ವರ ಬಂದು ಹೋದಾಗಿನಿಂದ ಅವರಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಊಟದಲ್ಲಿ ಕೊಂಕು ತೆಗೆಯದೆ ಏಳದಿದ್ದ ಮನುಷ್ಯ ತಿಂಗಳುಗಟ್ಟಲೆ ಹಾಕಿದ್ದನ್ನು ತಿಂದು ಸುಮ್ಮನೆ ಎದ್ದು ಹೋಗುತ್ತಿದ್ದರು. ಆ ಮೌನ ನಮಗೆ ಸಾಕಾಗಿತ್ತು.

ಒಂದು ಗುಟುಕಿಗೇ ಮುಖ ಕಿವುಚಿದರು. "ಥೂ! ಹಲ್ಲುನೋವಿನ ಎಣ್ಣೆ ಕುಡಿದ ಹಾಗಿದೆ! ಎಷ್ಟು ಲವಂಗ ಸುರಿದಿದ್ದೀಯೇ?"

ನಾನು ಲವಂಗದ ಸುದ್ದಿಯನ್ನೇ ಎತ್ತಿರಲಿಲ್ಲ.

ಅಮ್ಮ ಒಲೆ ಆರಿಸಿ ತಿರುಗಿದಳು. "ಏನಂದ್ರಿ? ಇನ್ನೊಂದ್ಸಲ ಹೇಳಿ."

"ಬಾಯಿಗಿಡೋ ಹಾಗಿಲ್ಲ ಅಂದೆ!"

ಅವರು ಬೈಯುತ್ತಲೇ ಇದ್ದರು. ನಾವಿಬ್ಬರೂ ಹಲ್ಲು ಕಿರಿಯುತ್ತ ನಿಂತಿದ್ದೆವು. ರಾತ್ರಿ ಊಟಕ್ಕೆ ಕೂತು ಉಪ್ಪು ಸಾಲದು ಎಂದರು. ಉಪ್ಪಿನ ಡಬ್ಬಿ ತರಲು ಒಳಗೆ ಹೋದ ಅಮ್ಮ ಬರಲು ಸ್ವಲ್ಪ ಹೊತ್ತೇ ಹಿಡಿಯಿತು. ಬಂದಾಗ ಮುಖ ತೊಳೆದುಕೊಂಡಿದ್ದಳು.

ಎದೆ ಹಗುರವಾಗಿದೆ, ಕಣ್ಣು ಎಳೆಯುತ್ತಿದೆ. ನಾಳೆ ಹೊಸ ರಸ ಬೆರೆಸಿ ಲವಂಗದ ಘಾಟು ಇಳಿಸಬೇಕು. ಬೇಡ, ಒಂದು ಸೀಸೆ ಹಾಗೇ ಇರಲಿ. ದಿನಾ ಒಂದು ಚಮಚ ಕೊಟ್ಟು ನೋಡಬೇಕು, ಬೈಯುತ್ತಾರೋ ಇಲ್ಲವೋ ಎಂದು.